ಕಾಯಿಲೆ ಬಿದ್ದ ಕೈದಿ: ಮನೆಗೆ ಕಳಿಸಬೇಕೆ?

ಎಪ್ಪತ್ತು ದಾಟಿದ ಮತ್ತು ವಾಸಿಯಾಗದ ಕಾಯಿಲೆಗೆ ತುತ್ತಾದ ಕೈದಿಗಳನ್ನು ಬಿಡುಗಡೆ ಮಾಡಬೇಕೆಂದು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವೇ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದೆ. 2025ರ ಏಪ್ರಿಲ್‌ನಲ್ಲಿ ಕೇಂದ್ರಕ್ಕೂ ಹಲವು ರಾಜ್ಯಗಳಿಗೂ ಕೋರ್ಟ್ ನೋಟಿಸ್ ಕೊಟ್ಟಿತು. ಶಿಕ್ಷೆ ಮುಗಿಯುವ ಮೊದಲೇ, ಕಾಯಿಲೆಯ ಕಾರಣಕ್ಕೆ, ಕೈದಿಯನ್ನು ಬಿಡುವುದು ಸರಿಯೆ?

ಪರ: ತೀರ್ಪಿನಲ್ಲಿ ಬರೆಯದ ಶಿಕ್ಷೆ

ನ್ಯಾಯಾಧೀಶರು ವಿಧಿಸುವುದು ಸೆರೆವಾಸವನ್ನು. ಕಿಮೋಥೆರಪಿ ತಪ್ಪಿಸಿ, ಡಯಾಲಿಸಿಸ್ ತಡಮಾಡಿ ಎಂದು ಯಾವ ತೀರ್ಪಿನಲ್ಲೂ ಬರೆದಿರುವುದಿಲ್ಲ. ಜೈಲಿನೊಳಗೆ ಅವೂ ಶಿಕ್ಷೆಯ ಜತೆ ಸೇರಿಕೊಂಡುಬಿಡುತ್ತವೆ. ಆಸ್ಪತ್ರೆಯಲ್ಲಿ ದಿನ ಗೊತ್ತಾಗಿರುತ್ತದೆ, ಕರೆದೊಯ್ಯಲು ಜಿಲ್ಲಾ ಸಶಸ್ತ್ರ ಮೀಸಲು ಪಡೆಯ (ಡಿಎಆರ್) ಪೊಲೀಸರು ಸಿಗುವುದಿಲ್ಲ. ಅವತ್ತು ಯಾರೋ ಮಂತ್ರಿಗಳ ಕಾರ್ಯಕ್ರಮ, ಎಲ್ಲರೂ ಬಂದೋಬಸ್ತಿನಲ್ಲಿ. ಸ್ಕ್ಯಾನಿಂಗ್ ಮುಂದಿನ ತಿಂಗಳಿಗೆ ಹೋಗುತ್ತದೆ. ಗಡ್ಡೆ ಮಾತ್ರ ಕಾಯುವುದಿಲ್ಲ.

ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿ ದಶಕಕ್ಕೂ ಹೆಚ್ಚು ಕಾಲ ಇದ್ದ ಪಾದ್ರಿ ಸ್ಟ್ಯಾನ್ ಸ್ವಾಮಿ ನೆನಪಿರಬಹುದು. 2020ರ ಅಕ್ಟೋಬರ್‌ನಲ್ಲಿ ಬಂಧನವಾದಾಗ ಅವರಿಗೆ 83 ವರ್ಷ. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗಿ ಲೋಟ ಹಿಡಿಯಲಾಗುತ್ತಿರಲಿಲ್ಲ. ನೀರು ಕುಡಿಯಲು ಒಂದು ಸ್ಟ್ರಾ, ಒಂದು ಸಿಪ್ಪರ್ ಬೇಕೆಂದು ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. ಉತ್ತರಿಸಲು ತನಿಖಾ ಸಂಸ್ಥೆ 20 ದಿನ ಕಾಲಾವಕಾಶ ಕೇಳಿತು. ಸ್ಟ್ರಾಗೆ! ಮರುವರ್ಷ ಜುಲೈ 5ರಂದು ಬಾಂಬೆ ಹೈಕೋರ್ಟ್ ಅವರ ಜಾಮೀನು ಅರ್ಜಿ ಕೈಗೆತ್ತಿಕೊಂಡಾಗ, ಅವರು ತೀರಿಕೊಂಡ ಸುದ್ದಿಯನ್ನು ವೈದ್ಯರೇ ಪೀಠಕ್ಕೆ ತಿಳಿಸಿದರು.

ಅವರು ವಿಚಾರಣಾಧೀನ ಕೈದಿ. ಶಿಕ್ಷೆಯಾದವರ ದಾರಿ ಇನ್ನೂ ದೂರ. ಮರಣದಂಡನೆಗೂ ಅವಕಾಶವಿರುವ ಅಪರಾಧದಲ್ಲಿ ಜೀವಾವಧಿಯಾದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 475ರ ಪ್ರಕಾರ 14 ವರ್ಷ ಕಳೆಯುವ ತನಕ ಬಿಡುವಂತಿಲ್ಲ. ಅದನ್ನು ದಾಟುವ ಅಧಿಕಾರ ಸಂವಿಧಾನದ 161ನೇ ವಿಧಿಯಲ್ಲಿ ರಾಜ್ಯಪಾಲರಿಗಿದೆ. ಆದರೆ ಜೈಲು ಸೂಪರಿಂಟೆಂಡೆಂಟರ ಮೇಜಿನಿಂದ ಹೊರಟ ಕಡತ ಗೃಹ ಇಲಾಖೆ, ಸಚಿವ ಸಂಪುಟಗಳನ್ನು ಹಾದು ರಾಜಭವನ ತಲುಪುವಷ್ಟರಲ್ಲಿ ನಾಲ್ಕನೇ ಹಂತದ ಕ್ಯಾನ್ಸರ್ ತನ್ನ ಕೆಲಸ ಮುಗಿಸಿರುತ್ತದೆ. 2022ರಲ್ಲಿ ದೇಶದ ಜೈಲುಗಳಲ್ಲಿ ಸತ್ತವರು ಹತ್ತಿರ ಹತ್ತಿರ 2,000 ಮಂದಿ, ಬಹುಪಾಲು ಕಾಯಿಲೆಯಿಂದಲೇ.

ಬಿಡುಗಡೆಯಾದವರು ವೈದ್ಯರು ಹೇಳಿದ್ದಕ್ಕಿಂತ ಹೆಚ್ಚು ಕಾಲ ಬದುಕಿದರೆ ಏನು ಮಾಡುತ್ತೀರಿ ಎಂದು ಕೇಳುವವರಿದ್ದಾರೆ. 1963ರ ರೈಲು ದರೋಡೆಯ ರಾನಿ ಬಿಗ್ಸ್‌ನನ್ನು ಬ್ರಿಟನ್ 2009ರ ಆಗಸ್ಟ್‌ನಲ್ಲಿ ಬಿಟ್ಟಿತು. ಆತ ಇನ್ನೂ ನಾಲ್ಕು ವರ್ಷ ಬದುಕಿದ. ಸರಿಯಾಗಿ ಮಾತಾಡಲೂ ಆಗದ ಆ ಮುದುಕನಿಂದ ಯಾರಿಗೇನು ನಷ್ಟವಾಯಿತು? ಜಿಲ್ಲಾ ನ್ಯಾಯಾಧೀಶರು, ಜಿಲ್ಲಾಸ್ಪತ್ರೆಯ ಶಸ್ತ್ರಚಿಕಿತ್ಸಕರು, ಜೈಲಿನ ವೈದ್ಯರು ಸೇರಿ ಹದಿನೈದು ದಿನದಲ್ಲಿ ತೀರ್ಮಾನ ಹೇಳುವಂತಾಗಲಿ. ಆಗದು ಎಂದರೂ ಸರಿ, ಬೇಗ ಹೇಳಲಿ.

ವಿರೋಧ: ಬಿಟ್ಟ ಮೇಲೆ ನೋಡಿಕೊಳ್ಳುವವರು ಯಾರು?

ಸ್ಟ್ಯಾನ್ ಸ್ವಾಮಿ ಅವರಿಗಾದದ್ದು ಅನ್ಯಾಯ, ಅದರಲ್ಲಿ ತಕರಾರಿಲ್ಲ. ಆದರೆ ಅದು ಕಾನೂನು ಇಲ್ಲದೆ ಆದದ್ದಲ್ಲ. ಅದೇ ಪ್ರಕರಣದ ಇನ್ನೊಬ್ಬ ಆರೋಪಿ, ಕವಿ ವರವರ ರಾವ್ ಅವರಿಗೆ ಅದೇ ಹೈಕೋರ್ಟ್ 2021ರ ಫೆಬ್ರುವರಿಯಲ್ಲಿ ವೈದ್ಯಕೀಯ ಜಾಮೀನು ಕೊಟ್ಟಿತ್ತು. ಅಪರಾಧ ಸಾಬೀತಾಗದವರ ಕಥೆ ಹೇಳಿ ಸಾಬೀತಾದವರ ಬಿಡುಗಡೆ ಕೇಳುವುದು ಎರಡು ಬೇರೆ ಕಡತಗಳನ್ನು ಒಂದೇ ದಾರದಲ್ಲಿ ಕಟ್ಟಿದ ಹಾಗೆ.

ಬಿಗ್ಸ್ ಹೊರಬಂದ ತಿಂಗಳಲ್ಲೇ ಸ್ಕಾಟ್ಲೆಂಡ್ ಇನ್ನೊಬ್ಬನನ್ನೂ ಬಿಟ್ಟಿತು. 1988ರಲ್ಲಿ ಲಾಕರ್ಬಿ ಊರಿನ ಮೇಲೆ ವಿಮಾನ ಸ್ಫೋಟಿಸಿ 270 ಜನರನ್ನು ಕೊಂದ ಪ್ರಕರಣದ ಅಪರಾಧಿ ಅಲ್ ಮೆಗ್ರಾಹಿ. ಪ್ರಾಸ್ಟೇಟ್ ಕ್ಯಾನ್ಸರ್, ಹೆಚ್ಚೆಂದರೆ ಮೂರು ತಿಂಗಳು ಎಂದರು. ಆತನ ದೇಶ ಲಿಬಿಯಾದ ಟ್ರಿಪೊಲಿ ವಿಮಾನ ನಿಲ್ದಾಣದಲ್ಲಿ ಜಯಕಾರದ ಸ್ವಾಗತ ಸಿಕ್ಕಿತು. ಆತ ಸತ್ತದ್ದು 2012ರ ಮೇ ತಿಂಗಳಲ್ಲಿ. ವೈದ್ಯರು ಸುಳ್ಳು ಹೇಳಿದರು ಎನ್ನುತ್ತಿಲ್ಲ, ಆಯುಸ್ಸಿನ ಲೆಕ್ಕ ಯಾವ ವೈದ್ಯರ ಕೈಯಲ್ಲೂ ಇಲ್ಲ. ಆ ಜಯಕಾರವನ್ನು ಟೀವಿಯಲ್ಲಿ ನೋಡಿದ ಆ 270 ಜನರ ಮನೆಯವರಿಗೆ ಯಾವ ಸಮಾಧಾನ ಹೇಳುವುದು?

ನಮ್ಮಲ್ಲೇ ನೋಡಿ. ಕೊಲೆ ಪ್ರಕರಣದ ಆರೋಪಿಯಾದ ಚಿತ್ರನಟ ದರ್ಶನ್‌ಗೆ ಬೆನ್ನಿನ ಶಸ್ತ್ರಚಿಕಿತ್ಸೆಗೆಂದು 2024ರ ಅಕ್ಟೋಬರ್ 30ರಂದು ಕರ್ನಾಟಕ ಹೈಕೋರ್ಟ್ ಆರು ವಾರಗಳ ಮಧ್ಯಂತರ ಜಾಮೀನು ಕೊಟ್ಟಿತು. ಆರು ವಾರ ಕಳೆಯಿತು, ಶಸ್ತ್ರಚಿಕಿತ್ಸೆ ಆಗಲಿಲ್ಲ, ಡಿಸೆಂಬರ್‌ನಲ್ಲಿ ಪೂರ್ಣ ಜಾಮೀನೇ ಸಿಕ್ಕಿತು. 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಇದು ಜಾಮೀನಿನ ಮಾತು, ಕ್ಷಮಾದಾನದ್ದಲ್ಲ, ಒಪ್ಪುತ್ತೇನೆ. ಆದರೆ ದೊಡ್ಡ ವಕೀಲರೂ ದೊಡ್ಡ ಆಸ್ಪತ್ರೆಯ ಫೈಲೂ ಇರುವವರಿಗೆ ಬಾಗಿಲು ಎಷ್ಟು ಸಲೀಸಾಗಿ ತೆರೆಯುತ್ತದೆ ಎಂಬುದು ಎರಡರಲ್ಲೂ ಒಂದೇ.

ನನ್ನ ನಿಜವಾದ ಅಂಜಿಕೆ ಬಡ ಕೈದಿಯದು. ಜೈಲಿನಲ್ಲಿ ಒಬ್ಬ ಸತ್ತರೆ 24 ಗಂಟೆಯೊಳಗೆ ಮಾನವ ಹಕ್ಕುಗಳ ಆಯೋಗಕ್ಕೆ ವರದಿ ಹೋಗಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ನಡೆಯಬೇಕು. ಸಾಯುವ ವಾರದ ಮೊದಲು ಬಿಟ್ಟುಬಿಟ್ಟರೆ ಯಾವ ವರದಿಯೂ ಇಲ್ಲ, ಯಾವ ವಿಚಾರಣೆಯೂ ಇಲ್ಲ. ಎರಡು ವರ್ಷ ಹೊಟ್ಟೆನೋವೆಂದು ಅಂಗಲಾಚಿದವನಿಗೆ ಬರೀ ಗ್ಯಾಸ್ ಮಾತ್ರೆ ಕೊಟ್ಟವರು ಯಾರಿಗೂ ಉತ್ತರ ಹೇಳಬೇಕಿಲ್ಲ. ಇತ್ತ ಗಾರೆ ಕೆಲಸಕ್ಕೆ ಹೋಗುವ ಹೆಂಡತಿ ದಿನಗೂಲಿ ಬಿಟ್ಟು ಅವನ ಮಲಮೂತ್ರ ಬಳಿಯಬೇಕು. ನೋವು ಕಿತ್ತು ತಿಂದಾಗ ತಾಲ್ಲೂಕು ಆಸ್ಪತ್ರೆಯಲ್ಲಿ ಮಾರ್ಫಿನ್ ಸಿಗದಿದ್ದರೆ ಬಸ್ಸು ಹತ್ತಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬರಬೇಕು. ಇದನ್ನು ಕರುಣೆ ಎನ್ನಲು ನನಗೆ ಬಾಯಿ ಬಾರದು.

ಕೈದಿಯಾಗಿರುವಷ್ಟು ದಿನ ಅವನ ಚಿಕಿತ್ಸೆಯ ಹೊಣೆ ಸರ್ಕಾರದ್ದೇ. ಆ ಹೊಣೆಯನ್ನು ಮೊದಲು ನಿಭಾಯಿಸಲಿ, ಆಸ್ಪತ್ರೆಗೆ ಹೋಗಲು ಪೊಲೀಸರನ್ನು ಒದಗಿಸಲಿ. ಆಮೇಲೂ ಬಿಡಲೇಬೇಕು ಎಂದಾದರೆ, ಯಾವ ಆಸ್ಪತ್ರೆಯಲ್ಲಿ ಹಾಸಿಗೆ, ಔಷಧದ ಖರ್ಚು ಯಾವ ಇಲಾಖೆಯದು ಎಂಬುದನ್ನೂ ಬಿಡುಗಡೆ ಆದೇಶದಲ್ಲೇ ಬರೆಯಲಿ. ಆ ಎರಡು ಸಾಲಿಲ್ಲದ ಆದೇಶಕ್ಕೆ ನನ್ನ ವಿರೋಧ ಇದ್ದೇ ಇರುತ್ತದೆ.