ವಿದ್ಯಾರ್ಥಿಯ ಉದ್ಯಮಸಂಕಲ್ಪಕ್ಕೆ ತಜ್ಞರ ಸಂಗ

‘ತಜ್ಞ’ ಎಂಬ ಶಬ್ದವನ್ನು ನಾವು ದಿನನಿತ್ಯ ಬಳಸುತ್ತೇವೆಯಾದರೂ ಅದನ್ನು ಬಿಡಿಸಿ ನೋಡುವುದು ವಿರಳ. ‘ತತ್’ ಎಂದರೆ ಅದು. ‘ಜ್ಞ’ ಎಂದರೆ ಬಲ್ಲವನು. ಅದನ್ನು ಬಲ್ಲವನೇ ತಜ್ಞ. ಎಲ್ಲವನ್ನೂ ಬಲ್ಲವನು ಸರ್ವಜ್ಞನೆನಿಸುವನೇ ಹೊರತು ತಜ್ಞನೆನಿಸುವುದಿಲ್ಲ. ಆದುದರಿಂದ ತಜ್ಞನ ಬಳಿಗೆ ಹೋಗುವವನು ತನಗೆ ಬೇಕಾದ ‘ಅದು’ ಯಾವುದೆಂಬುದನ್ನು ಮೊದಲೇ ನಿಶ್ಚಯಿಸಿಕೊಂಡಿರಬೇಕು. ಈ ಸಣ್ಣ ಶಬ್ದವಿಚಾರವು ಇಂದು ನಮ್ಮ ವಿದ್ಯಾಸಂಸ್ಥೆಗಳ ಮುಂದಿರುವ ಒಂದು ದೊಡ್ಡ ಪ್ರಶ್ನೆಗೆ ದಾರಿ ತೋರಬಲ್ಲದೆಂದು ನನ್ನ ನಂಬಿಕೆ.

ವಿದ್ಯಾರ್ಥಿಗಳಲ್ಲಿ ಉದ್ಯಮಶೀಲತೆ ಬೆಳೆಯಬೇಕೆಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಕೇಂದ್ರ ಸರ್ಕಾರವು 2016ರಲ್ಲಿ ಆರಂಭಿಸಿದ ಅಟಲ್ ಇನ್ನೋವೇಶನ್ ಮಿಷನ್ ಯೋಜನೆಯಡಿ ಆರರಿಂದ ಹನ್ನೆರಡನೆಯ ತರಗತಿಯವರೆಗಿನ ಮಕ್ಕಳಿಗಾಗಿ ಅನೇಕ ಶಾಲೆಗಳಲ್ಲಿ ಪ್ರಯೋಗಶಾಲೆಗಳು ಏರ್ಪಟ್ಟಿವೆ. ವಸ್ತುಪ್ರದರ್ಶನಗಳು ನಡೆಯುತ್ತವೆ, ಬಹುಮಾನಗಳು ಸಲ್ಲುತ್ತವೆ, ಭಾವಚಿತ್ರಗಳು ಪತ್ರಿಕೆಗಳಲ್ಲಿ ಅಚ್ಚಾಗುತ್ತವೆ. ಆ ಬಳಿಕ ಎಷ್ಟೋ ಮಾದರಿಗಳು ಕಪಾಟನ್ನು ಸೇರಿ ಧೂಳು ಹಿಡಿಯುತ್ತವೆ. ಇದಕ್ಕೆ ಮಕ್ಕಳ ಬುದ್ಧಿಯ ಕೊರತೆ ಕಾರಣವಲ್ಲ. ಪರಿಚಯದ ಕೊರತೆಯೇ ಕಾರಣ.

ನಗರದಲ್ಲಿ ಬೆಳೆದ ಅನುಕೂಲಸ್ಥರ ಮಗುವಿಗೆ ಸೋದರಮಾವನೊಬ್ಬ ಇಂಜಿನಿಯರನಾಗಿರುತ್ತಾನೆ, ತಂದೆಯ ಸ್ನೇಹಿತರೊಬ್ಬರು ಬ್ಯಾಂಕಿನಲ್ಲಿರುತ್ತಾರೆ, ನೆರೆಮನೆಯವರು ವರ್ತಕರಾಗಿರುತ್ತಾರೆ. ಮನಸ್ಸಿಗೆ ಹೊಳೆದ ಸಂಗತಿಯನ್ನು ಊಟದ ಹೊತ್ತಿನಲ್ಲಿ ಕೇಳಿದರೂ ಉತ್ತರ ದೊರೆಯುತ್ತದೆ. ಹಳ್ಳಿಯಿಂದ ಬಂದು ಉಚಿತ ಪ್ರಸಾದನಿಲಯದಲ್ಲಿದ್ದು ಓದುವ ಬಾಲಕನು ಯಾರನ್ನು ಕೇಳಬೇಕು? ಹೊಲ ಮನೆಗಳನ್ನು ಮಕ್ಕಳಿಗೆ ಬಿಟ್ಟುಹೋಗುವಂತೆ ಪರಿಚಯವನ್ನೂ ಬಿಟ್ಟುಹೋಗುವರೆಂಬ ಸತ್ಯವನ್ನು ನಾವು ಗಮನಿಸಿಲ್ಲ. ಪಿತ್ರಾರ್ಜಿತವಾಗಿ ದೊರೆಯದ ಮಗುವಿಗೆ ಅದನ್ನು ಗುರುಕುಲವೇ ಒದಗಿಸಿಕೊಡಬೇಕು.

ಉದ್ಯಮಕ್ಕೆ ತಜ್ಞರ ಸಂಗ ಎಷ್ಟು ಅವಶ್ಯವೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಉಜ್ವಲ ನಿದರ್ಶನವಿದೆ. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಮೈಸೂರು ಸಂಸ್ಥಾನದಿಂದ ಯುರೋಪಿಗೆ ಹೋಗುತ್ತಿದ್ದ ಶ್ರೀಗಂಧದ ಮರದ ವ್ಯಾಪಾರ ಕುಸಿದು, ಮರ ಇಲ್ಲಿಯೇ ರಾಶಿಬಿದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆ, ವಿಶ್ವೇಶ್ವರಯ್ಯನವರ ದಿವಾನಗಿರಿ. ಮರವನ್ನು ಮಾರುವ ಬದಲು ಎಣ್ಣೆಯನ್ನೇ ತೆಗೆದು ಮಾರಬಾರದೇಕೆ ಎಂಬ ಯೋಚನೆ ಬಂದಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನ ಶಾಸ್ತ್ರಜ್ಞರ ನೆರವನ್ನು ಪಡೆಯಲಾಯಿತು. 1916ರಲ್ಲಿ ಗಂಧದೆಣ್ಣೆಯ ಕಾರ್ಖಾನೆ ನಡೆಯತೊಡಗಿತು. ಅನಂತರ ಸಾಬೂನಿನ ವಿಚಾರ ಬಂದಾಗ ಎಸ್. ಜಿ. ಶಾಸ್ತ್ರಿ ಎಂಬ ರಸಾಯನ ವಿಜ್ಞಾನಿಯನ್ನು ಇಂಗ್ಲೆಂಡಿಗೆ ಕಳುಹಿಸಿ ಆ ವಿದ್ಯೆಯನ್ನು ಕಲಿಸಲಾಯಿತು. 1918ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಬೆಂಗಳೂರಿನಲ್ಲಿ ತಲೆಯೆತ್ತಿತು. ಮರ ನಮ್ಮದಿತ್ತು, ಸಂಕಲ್ಪ ನಮ್ಮದಿತ್ತು. ನಡುವೆ ಇಲ್ಲದಿದ್ದುದು ವಿದ್ಯೆ. ಅದನ್ನು ಬಲ್ಲವರನ್ನು ಹುಡುಕಿಕೊಂಡು ಹೋಗುವುದಕ್ಕೆ ರಾಜ್ಯವೇ ಸಂಕೋಚಪಡಲಿಲ್ಲವೆಂದ ಮೇಲೆ ವಿದ್ಯಾರ್ಥಿಯು ಸಂಕೋಚಪಡಬೇಕಾದುದೇನಿದೆ?

ಇದನ್ನು ನಮ್ಮ ಮಕ್ಕಳ ಮಟ್ಟಕ್ಕೆ ಇಳಿಸಿ ನೋಡೋಣ. ಉತ್ತರ ಕರ್ನಾಟಕದ ನಾಲ್ವರು ವಿದ್ಯಾರ್ಥಿನಿಯರು ಜೋಳದ ಕಡಕ್ ರೊಟ್ಟಿಯನ್ನು ದೂರದ ಊರುಗಳಿಗೆ ಕಳುಹಿಸಿ ಮಾರಬೇಕೆಂದು ಯೋಚಿಸಿದರೆಂದು ಭಾವಿಸೋಣ. ಇಲ್ಲಿ ‘ಅದು’ ಒಂದಲ್ಲ, ಹಲವು. ಜೋಳದ ಹಿಟ್ಟು ಗೋದಿಯ ಹಿಟ್ಟಿನಂತೆ ತಾನಾಗಿ ಕೂಡಿಕೊಳ್ಳದು; ಕುದಿಯುವ ನೀರು ಹಾಕಿ ನಾದಿದಾಗಲೇ ಬಡಿಯುವ ಹದಕ್ಕೆ ಬರುತ್ತದೆ. ಇದನ್ನು ಬಲ್ಲ ತಜ್ಞೆ ಅವರ ಮನೆಯ ಅಜ್ಜಿ. ಬೀಸಿದ ಹಿಟ್ಟು ಬಹಳ ದಿನವಾದರೆ ಕಮಟು ಹಿಡಿಯುವುದೇಕೆ, ರೊಟ್ಟಿಯಲ್ಲಿ ಎಷ್ಟು ತೇವ ಉಳಿದರೆ ಬೂಷ್ಟು ಬರುತ್ತದೆ, ಎಂತಹ ಹೊದಿಕೆ ತಕ್ಕುದು ಎಂಬುದನ್ನು ಬಲ್ಲವರು ಆಹಾರ ವಿಜ್ಞಾನಿಗಳು. ಅಂಥವರು 1950ರಲ್ಲಿ ಸ್ಥಾಪಿತವಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿಯೂ, ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿಯೂ ದೊರೆಯುತ್ತಾರೆ. ಸಾಗಿಸುವಾಗ ನೂರಕ್ಕೆ ಎಷ್ಟು ರೊಟ್ಟಿ ಮುರಿಯುತ್ತದೆ, ಅಂಗಡಿಯವನಿಗೆ ಎಷ್ಟು ಬಿಡಬೇಕು ಎಂಬುದನ್ನು ಬಲ್ಲವನು ವರ್ತಕ. 2006ರ ಆಹಾರ ಸುರಕ್ಷತಾ ಕಾಯಿದೆಯ ಪ್ರಕಾರ ನೋಂದಣಿ ಹೇಗೆ, ಚೀಟಿಯ ಮೇಲೆ ಏನೇನು ಮುದ್ರಿಸಬೇಕು ಎಂಬುದನ್ನು ಬಲ್ಲವರು ಬೇರೆ. ತಾವು ದುಡಿದ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯದೆ ಲಾಭವೆಂದು ಹಿಗ್ಗಬಾರದೆಂದು ಹೇಳುವ ಲೆಕ್ಕಿಗರು ಬೇರೆ. ಇವರಲ್ಲಿ ಯಾರೊಬ್ಬರೂ ಸಾಲರು. ಯಾರೊಬ್ಬರನ್ನು ಬಿಟ್ಟರೂ ಉದ್ಯಮ ನಿಲ್ಲದು. ಪದವಿಯುಳ್ಳವರೇ ತಜ್ಞರೆಂದು ತಿಳಿದು ಅಜ್ಜಿಯನ್ನು ಮರೆಯುವುದೂ, ಅಜ್ಜಿಯೊಬ್ಬಳೇ ಸಾಕೆಂದು ವಿಜ್ಞಾನವನ್ನು ದೂರವಿಡುವುದೂ ಸಮಾನವಾದ ಅವಿವೇಕ.

ತಜ್ಞರ ಬಳಿಗೆ ಹೋಗುವುದಕ್ಕೂ ಒಂದು ಕ್ರಮವುಂಟು. ‘ನಮಗೆ ಮಾರ್ಗದರ್ಶನ ಮಾಡಿರಿ’ ಎಂದು ಕೈಮುಗಿದು ನಿಂತರೆ ಅವರು ಆಶೀರ್ವದಿಸಿ ಕಳುಹಿಸುತ್ತಾರೆ. ‘ಹತ್ತು ದಿನ ಇಟ್ಟ ರೊಟ್ಟಿ ಇದು, ಹದಿನೈದು ದಿನ ಇಟ್ಟದ್ದು ಇದು, ಇದು ಮೆತ್ತಗಾದದ್ದೇಕೆ?’ ಎಂದು ಕೇಳಿದರೆ ಅವರು ಕುರ್ಚಿ ಎಳೆದುಕೊಂಡು ಕೂರುತ್ತಾರೆ. ತಾನು ಮಾಡಿ ನೋಡಿದ್ದನ್ನು ಕೈಯಲ್ಲಿ ಹಿಡಿದು, ಒಂದೇ ಪ್ರಶ್ನೆಯನ್ನು ಸ್ಪಷ್ಟವಾಗಿ ಕೇಳಿ, ಉತ್ತರವನ್ನು ಬರೆದುಕೊಂಡು, ಅದರಂತೆ ನಡೆದು ಫಲವೇನಾಯಿತೆಂದು ಮತ್ತೆ ಹೋಗಿ ಅರಿಕೆ ಮಾಡುವವನಿಗೆ ಬಾಗಿಲು ಎಂದೂ ಮುಚ್ಚದು. ಕಡೆಯ ಈ ಅರಿಕೆಯನ್ನೇ ನಮ್ಮವರು ಮರೆಯುತ್ತಾರೆ. ಸಂಬಂಧ ಉಳಿಯುವುದು ಅದರಿಂದಲೇ.

ತಜ್ಞರಾದವರಿಗೂ ಮರ್ಯಾದೆಯ ಗೆರೆಯೊಂದು ಬೇಕು. ವಿದ್ಯಾರ್ಥಿಯ ಯೋಚನೆಯನ್ನು ಹೊಗಳಿ ಹೊಗಳಿ ಕೆಡಿಸುವುದು ಒಂದು ದೋಷ. ತನ್ನದಾಗಿಸಿಕೊಳ್ಳುವುದು ಇನ್ನೂ ದೊಡ್ಡ ದೋಷ. 1970ರ ಪೇಟೆಂಟ್ ಕಾಯಿದೆಯಂತೆ, ಅರ್ಜಿ ಸಲ್ಲಿಸುವುದಕ್ಕೆ ಮೊದಲೇ ಬಹಿರಂಗವಾದ ಶೋಧವು, ಕೆಲವು ಅಪವಾದಗಳನ್ನುಳಿದು, ಹೊಸತೆಂಬ ಹಕ್ಕನ್ನು ಕಳೆದುಕೊಳ್ಳುತ್ತದೆ. ಆದಕಾರಣ ಹೊಸ ಯಂತ್ರವನ್ನು ರಚಿಸಿದ ಬಾಲಕನನ್ನು ಪ್ರದರ್ಶನದ ವೇದಿಕೆಯ ಮೇಲೆ ನಿಲ್ಲಿಸುವ ಮೊದಲು ಕಾನೂನು ಬಲ್ಲವರೊಬ್ಬರನ್ನು ಕಾಣಿಸುವುದು ಉಪಾಧ್ಯಾಯರ ಕರ್ತವ್ಯ. ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ 2000ದಲ್ಲಿ ಆರಂಭವಾದ ಉದ್ಯಮ ಮಾರ್ಗದರ್ಶನ ಸೇವೆಯಲ್ಲಿ ಒಬ್ಬನೇ ಗುರುವಿರದೆ, ಹಲವರು ಸ್ವಯಂಸೇವಕರು ಒಟ್ಟಿಗೆ ಕುಳಿತು ಸಲಹೆ ನೀಡುವ ಪದ್ಧತಿಯಿದೆ. ನಾಲ್ವರ ಮುಂದೆ ಆಡಿದ ಮಾತಿನಲ್ಲಿ ಸ್ವಾರ್ಥಕ್ಕೆ ಎಡೆ ಕಡಿಮೆ. ಒಬ್ಬರ ಪೂರ್ವಗ್ರಹವನ್ನು ಇನ್ನೊಬ್ಬರು ತಿದ್ದುತ್ತಾರೆ. ಈ ಪದ್ಧತಿ ನಮಗೂ ಅನುಕರಣೀಯ.

ವಿದ್ಯಾಮಂದಿರದೊಳಗೆ ವ್ಯಾಪಾರವನ್ನು ತರುವುದು ಯುಕ್ತವೇ ಎಂದು ಹಿರಿಯರು ಕೇಳಬಹುದು. ಶಂಕೆ ಸಾಧುವಾದುದೇ. ಲಾಭವೊಂದನ್ನೇ ಗುರಿಯಾಗಿಸಿ ಮಕ್ಕಳನ್ನು ಓಟಕ್ಕೆ ಹಚ್ಚುವುದನ್ನು ನಾನೂ ಒಪ್ಪಲಾರೆ. ಆದರೆ ಸಂಸ್ಕೃತದಲ್ಲಿ ‘ಉದ್ಯಮ’ವೆಂದರೆ ಮೇಲೆತ್ತುವ ಪ್ರಯತ್ನ, ವ್ಯಾಪಾರವೆಂಬ ಅರ್ಥ ಆಮೇಲೆ ಬಂದದ್ದು. ಆ ರೊಟ್ಟಿಯ ವ್ಯಾಪಾರ ಒಂದೇ ವರ್ಷದಲ್ಲಿ ನಿಂತುಹೋಗಲಿ. ಅರಿಯದವರ ಮುಂದೆ ನಿಂತು ಸ್ಪಷ್ಟವಾಗಿ ಪ್ರಶ್ನಿಸುವ ಧೈರ್ಯ, ತನ್ನ ಮನೆಯವರ ಕೈಕೆಲಸದಲ್ಲಿಯೂ ಶಾಸ್ತ್ರವಿದೆಯೆಂಬ ಅರಿವು ಆ ಬಾಲಿಕೆಯರಲ್ಲಿ ಉಳಿಯುತ್ತವೆ. ಇದು ಶಿಕ್ಷಣವಲ್ಲದೆ ಮತ್ತೇನು?

ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ನನ್ನ ವಿಜ್ಞಾಪನೆ ಇಷ್ಟೆ. ಕೊಠಡಿಗಳನ್ನು ಕಟ್ಟಿಸಿಕೊಟ್ಟವರ ಹೆಸರುಗಳು ಶಾಲೆಯ ಗೋಡೆಗಳ ಮೇಲೆ ಶೋಭಿಸುತ್ತವೆ. ಅವರ ಔದಾರ್ಯ ಚಿರಸ್ಮರಣೀಯ. ಅದರೊಂದಿಗೆ ಇನ್ನೊಂದು ಪುಸ್ತಕವನ್ನು ಶಾಲೆ ತೆರೆಯಲಿ. ಅದರಲ್ಲಿ ಹಣದ ಮೊತ್ತ ಬೇಡ. ‘ನಾನು ಬಲ್ಲುದು ಇದು, ವರ್ಷದಲ್ಲಿ ಇಷ್ಟು ದಿನ ವಿದ್ಯಾರ್ಥಿಗಳ ಪ್ರಶ್ನೆಗೆ ಉತ್ತರಿಸುವೆನು, ಪ್ರತಿಫಲವನ್ನಾಗಲಿ ಪಾಲನ್ನಾಗಲಿ ಅಪೇಕ್ಷಿಸೆನು’ ಎಂದು ಬರೆದು ಪ್ರತಿಯೊಬ್ಬರೂ ಸಹಿ ಮಾಡಲಿ. ವೈದ್ಯರು, ಇಂಜಿನಿಯರರು, ವಕೀಲರಷ್ಟೇ ಅಲ್ಲ, ನೇಕಾರರು, ಬಡಿಗರು, ಅಡತಿ ವರ್ತಕರು, ಒಕ್ಕಲಿಗರೂ ಬರೆಯಲಿ. ಯಾವ ಪ್ರಶ್ನೆಯನ್ನು ಯಾರ ಬಳಿಗೆ ಕಳುಹಿಸಬೇಕೆಂದು ನಿರ್ಣಯಿಸುವ ಹೊಣೆಯನ್ನು ಉಪಾಧ್ಯಾಯರೊಬ್ಬರು ವಹಿಸಲಿ. ಅನ್ನದಾನ, ವಿದ್ಯಾದಾನಗಳಿಂದ ಬೆಳೆದುಬಂದ ಸಂಸ್ಥೆಗೆ ಪರಿಚಯದಾನವೂ ಕೂಡಿಕೊಂಡರೆ, ಹೇಳಿಕೊಳ್ಳಲು ಯಾರೂ ಇಲ್ಲದ ಮಗು ಈ ಅಂಗಳದಲ್ಲಿ ಒಂದೂ ಉಳಿಯಲಾರದು.