ಕಪ್ಪು ಗಾಜಿನ ಹಿಂದೆ ಯಾರಿದ್ದಾರೆ?

ಕನ್ನಡದ ತರುಣರೇ, ಒಂದು ಪ್ರಶ್ನೆ ಕೇಳುತ್ತೇನೆ, ಸಿಟ್ಟಾಗಬೇಡಿ. ಕಾರಿನ ಮುಂದೆ ಹಳದಿ-ಕೆಂಪು ಬಾವುಟ. ಹಿಂದಿನ ಗಾಜಿನ ಮೇಲೆ ಸಂಘದ ಹೆಸರು. ನಾಲ್ಕೂ ಬಾಗಿಲಿನ ಗಾಜಿಗೆ ಕಾಡಿಗೆ ಬಳಿದ ಹಾಗೆ ಕಪ್ಪು ಫಿಲಂ! ಒಳಗೆ ಕೂತವರು ನಾಡಿನ ಸೇವಕರೋ, ಸೈಟು ದಲ್ಲಾಳಿಯೋ, ಮೀಟರ್ ಬಡ್ಡಿಯವನೋ? ಹೊರಗೆ ನಿಂತ ಜನಕ್ಕೆ ಗೊತ್ತಾಗುವುದು ಹೇಗೆ?

ಕಾನೂನು ಏನು ಹೇಳುತ್ತದೆ ಎಂದು ಮೊದಲು ತಿಳಿಯೋಣ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 100ನೇ ನಿಯಮ ಅಂತ ಒಂದಿದೆ. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಕನಿಷ್ಠ ನೂರಕ್ಕೆ 70ರಷ್ಟು, ಪಕ್ಕದ ಗಾಜುಗಳಲ್ಲಿ ಕನಿಷ್ಠ 50ರಷ್ಟು ಬೆಳಕು ಹಾಯಬೇಕು. ಇಷ್ಟೇ. ಇದನ್ನು ಯಾರೂ ಪಾಲಿಸಲಿಲ್ಲ. ಕೊನೆಗೆ ಅವಿಷೇಕ್ ಗೋಯೆಂಕಾ ಎಂಬುವರು ಸುಪ್ರೀಂ ಕೋರ್ಟಿಗೆ ಹೋದರು. 2012ರ ಏಪ್ರಿಲ್ 27ರಂದು ತೀರ್ಪು ಬಂತು. ಮೇ 4ರಿಂದ ಯಾವ ಪ್ರಮಾಣದ ಕಪ್ಪು ಫಿಲಂ ಅನ್ನೂ ಗಾಜಿಗೆ ಅಂಟಿಸುವಂತಿಲ್ಲ, ಗಾಜು ತಯಾರಾಗುವಾಗಲೇ ನಿಯಮದ ಅಳತೆಯಲ್ಲಿರಬೇಕು ಎಂದಿತು ನ್ಯಾಯಾಲಯ. ಝಡ್ ಮತ್ತು ಝಡ್ ಪ್ಲಸ್ ಭದ್ರತೆ ಇರುವವರಿಗೆ ಮಾತ್ರ ವಿನಾಯಿತಿಯ ಬಾಗಿಲು ತೆರೆದಿಟ್ಟಿತು.

"ಅಣ್ಣಾ, ಕಾನೂನು ಬದಲಾಗಿದೆ, ಈಗ ಫಿಲಂ ಹಾಕಬಹುದು" ಎಂದು ಬಿಡಿಭಾಗದ ಅಂಗಡಿಯವರು ಹೇಳುತ್ತಾರೆ. ಅರ್ಧ ಸತ್ಯ! 2021ರ ಏಪ್ರಿಲ್ 1ರಿಂದ ಗಾಜಿನ ಜೊತೆಗೆ 'ಸೇಫ್ಟಿ ಗ್ಲೇಜಿಂಗ್' ಎಂಬ ಪದ ನಿಯಮಕ್ಕೆ ಸೇರಿದ್ದು ನಿಜ. 2024ರಲ್ಲಿ ಕೇರಳ ಹೈಕೋರ್ಟು ನಿಗದಿತ ಗುಣಮಟ್ಟದ, ಅಳತೆಯೊಳಗಿನ ಗ್ಲೇಜಿಂಗ್‌ಗೆ ದಂಡ ಹಾಕಬೇಡಿ ಎಂದದ್ದೂ ನಿಜ. ಆದರೆ 70 ಮತ್ತು 50 ಎಂಬ ಎರಡು ಸಂಖ್ಯೆ ಕದಲಿಲ್ಲ. ಅಂಗಡಿಯವನು ಈ ಸಾಲನ್ನು ನುಂಗಿ ಮಾಲು ಮಾರುತ್ತಾನೆ.

ನಾನು ಮುದ್ರಣಾಲಯ ಇಟ್ಟವನು, ಓದಿದ್ದು ಪಿಯುಸಿ. ಕಾನೂನು ಪಂಡಿತನಲ್ಲ. ಆದರೆ ಯಾವ ಹಾಳೆಯಲ್ಲಿ ಎಷ್ಟು ಬೆಳಕು ಹಾಯುತ್ತದೆ ಎಂಬುದು ನನ್ನ ದಿನನಿತ್ಯದ ಕಸುಬು. ಒಂದು ಬಟರ್ ಪೇಪರ್ ಮೇಲೆ ಇನ್ನೊಂದನ್ನು ಇಟ್ಟರೆ ಕೆಳಗಿನ ಅಕ್ಷರ ಮಂಕಾಗುತ್ತದೆ. ಗಾಜಿನ ಲೆಕ್ಕವೂ ಅದೇ. ನೂರಕ್ಕೆ 70 ಬೆಳಕು ಬಿಡುವ ಗಾಜಿಗೆ 'ಇದು ಬರೀ ಐವತ್ತರ ಫಿಲಂ ಸಾರ್' ಎಂದು ಅಂಟಿಸಿದರೆ ಒಳಗೆ ಹೋಗುವುದು 70ರ ಅರ್ಧ, ಅಂದರೆ 35! ಗಾಜೇ ಐವತ್ತರದ್ದಾದರೆ ಉಳಿಯುವುದು 25. ಫಿಲಂ ಡಬ್ಬದ ಮೇಲಿನ ಸಂಖ್ಯೆ ನೋಡಿ ಮೋಸ ಹೋಗಬೇಡಿ. ಕಾನೂನು ಕೇಳುವುದು ಗಾಜೂ ಫಿಲಮ್ಮೂ ಸೇರಿದ ಲೆಕ್ಕ.

ಇದರಿಂದ ಯಾರಿಗೇನು ನಷ್ಟ ಎನ್ನುವಿರಾ? ರಸ್ತೆ ದಾಟುವ ಅಜ್ಜಿ ಡ್ರೈವರನ ಮುಖ ನೋಡಿ ಹೆಜ್ಜೆ ಇಡುತ್ತಾಳೆ. ಬೈಕಿನ ಹುಡುಗ ಕಾರಿನವನ ಕಣ್ಣು ನೋಡಿ ಪಕ್ಕಕ್ಕೆ ಸರಿಯುತ್ತಾನೆ. ಮುಖವೇ ಕಾಣದಿದ್ದರೆ? ರಾತ್ರಿ, ಮಳೆ, ಬೀದಿದೀಪ ಇಲ್ಲದ ಬಡಾವಣೆ. ಕಪ್ಪು ಗಾಜಿನೊಳಗಿನಿಂದ ಪಕ್ಕದ ಸೈಕಲ್ಲಿನವನು ಕಾಣುವುದಾದರೂ ಹೇಗೆ? 2012ರ ಡಿಸೆಂಬರ್ 16ರಂದು ದೆಹಲಿಯಲ್ಲಿ ಆ ಹೆಣ್ಣುಮಗಳ ಮೇಲೆ ಅತ್ಯಾಚಾರ ನಡೆದದ್ದು ಓಡುತ್ತಿದ್ದ ಬಸ್ಸಿನಲ್ಲಿ. ಆ ಬಸ್ಸಿಗೆ ಕಪ್ಪು ಗಾಜು, ಪರದೆ ಇದ್ದವು. ಸುಪ್ರೀಂ ಕೋರ್ಟಿನ ಆದೇಶ ಜಾರಿಗೆ ಬಂದು ಆಗಲೇ ಏಳು ತಿಂಗಳು ಕಳೆದಿತ್ತು! ಆದೇಶ ಕಾಗದದಲ್ಲಿತ್ತು, ಬಸ್ಸು ರಸ್ತೆಯಲ್ಲಿತ್ತು.

ನಮ್ಮಲ್ಲಿ ಜಾರಿ ಎಂದರೆ ಹಬ್ಬದ ಹಾಗೆ. ವರ್ಷಕ್ಕೊಮ್ಮೆ ವಿಶೇಷ ಕಾರ್ಯಾಚರಣೆ, ಎರಡು ದಿನ ಬ್ಲೇಡು ಹಿಡಿದು ಕೀಳುವುದು, ಪತ್ರಿಕೆಗೆ ಫೋಟೋ. ಮೂರನೇ ದಿನ ಮತ್ತೆ ಅಂಟು. ಕೈಗೆ ಸಿಗುವವನು ಬಾಡಿಗೆ ಟ್ಯಾಕ್ಸಿಯ ಹುಡುಗ. ಪಕ್ಕದಲ್ಲೇ ಸೈರನ್ ಹಾಕಿಕೊಂಡು ಹೋಗುವ ರಾಜಕಾರಣಿಯ ಹಿಂಬಾಲಕರ ಆರು ಕಾರುಗಳಿಗೆ ಸೆಲ್ಯೂಟು! ಇನ್ನು ದಂಡ? 2019ರ ಕೇಂದ್ರ ತಿದ್ದುಪಡಿಯಲ್ಲಿ 177ನೇ ಕಲಮಿನ ಮೊದಲ ತಪ್ಪಿನ ದಂಡ 100 ರೂಪಾಯಿಯಿಂದ 500ಕ್ಕೆ ಏರಿತು, ಮತ್ತೆ ಮಾಡಿದರೆ 1500. ಸಾವಿರಾರು ರೂಪಾಯಿ ಕೊಟ್ಟು ಫಿಲಂ ಹಾಕಿಸಿದವನಿಗೆ 500 ಯಾವ ಲೆಕ್ಕ? ಟ್ಯಾಕ್ಸಿ ಹುಡುಗನಿಗಾದರೆ ಅದು ಒಂದು ದಿನದ ಅನ್ನ.

"ಬಿಸಿಲು ಸ್ವಾಮಿ, ಮಗು ಇದೆ" ಎಂಬ ಮಾತು ಸುಳ್ಳಲ್ಲ. ಅದಕ್ಕೆ ನಿಯಮದ ಒಳಗೇ ದಾರಿ ಇದೆ. ಸೂರ್ಯನ ಅತಿನೇರಳೆ ಕಿರಣ ತಡೆಯುವ ಗಾಜನ್ನು ಕಂಪನಿಗಳೇ ಹಾಕಿಕೊಡುತ್ತವೆ. ಕಾರು ನಿಲ್ಲಿಸಿದಾಗ ಮುಂದಿನ ಗಾಜಿಗೆ ಮರೆ ಇಡಬಹುದು. ಬಿಸಿಲು ತಡೆಯಲು ಮುಖ ಮುಚ್ಚುವಷ್ಟು ಕತ್ತಲೆ ಬೇಕಿಲ್ಲ.

ಹಾಗಾದರೆ ಏನಾಗಬೇಕು? ಒಂದು, ಕಣ್ಣಂದಾಜು ಸಾಕು, ಬೆಳಕು ಅಳೆಯುವ ಮೀಟರು ಪ್ರತಿ ಸಂಚಾರ ಠಾಣೆಗೂ ಬರಲಿ. ಬಂದ ಅಳತೆಯನ್ನು ಕನ್ನಡದ ರಸೀತಿಯಲ್ಲಿ ಬರೆದುಕೊಡಲಿ. ಆಗ ಲಂಚಕ್ಕೂ ಜಾಗವಿಲ್ಲ, ಜಗಳಕ್ಕೂ ಜಾಗವಿಲ್ಲ. ಎರಡು, ತಪಾಸಣೆ ವಿಧಾನಸೌಧದ ಗೇಟಿನಿಂದ ಶುರುವಾಗಲಿ, ಆಮೇಲೆ ಮೆಜೆಸ್ಟಿಕ್ಕಿಗೆ ಬರಲಿ. ಮೂರು, ಜೆ.ಸಿ. ರಸ್ತೆಯಂಥ ಕಡೆ ಬಿಡಿಭಾಗದ ಅಂಗಡಿಗಳ ಮುಂದೆ 70-50ರ ನಿಯಮವನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಹಾಕಿಸಲಿ. ಅಂಟಿಸಿದವನನ್ನು ಬಿಟ್ಟು ಅಂಟಿಸಿಕೊಂಡವನನ್ನು ಮಾತ್ರ ಹಿಡಿಯುವುದು ಯಾವ ನ್ಯಾಯ?

ನಾಲ್ಕನೆಯದು ನಮ್ಮ ಪಾಲಿನದು. ಕಾರಿಗೆ ಅಂಟಿಸಲು 'ಕರ್ನಾಟಕ ಸರ್ಕಾರ' ಎಂಬ ಸ್ಟಿಕರ್ ಮಾಡಿಕೊಡಿ ಎಂದು ನನ್ನ ಪ್ರೆಸ್ಸಿಗೆ ಬರುವವರಿದ್ದಾರೆ. ಸರ್ಕಾರಿ ಪತ್ರ ತನ್ನಿ ಎನ್ನುತ್ತೇನೆ, ಹೋದವರು ವಾಪಸು ಬರುವುದಿಲ್ಲ. ನಮ್ಮ ಬಾವುಟವೂ ಅಂಥ ಸ್ಟಿಕರ್ ಆಗಬಾರದು. ಬಾವುಟ ಕಂಡರೆ ಪೊಲೀಸ್ ಕೈ ಹಾಕುವುದಿಲ್ಲ ಎಂಬ ಧೈರ್ಯದಲ್ಲಿ ಕಪ್ಪು ಗಾಜು ಮೆರೆಸುವವನು ಬಾವುಟವನ್ನು ಮುಸುಕು ಮಾಡಿಕೊಂಡಿದ್ದಾನೆ. ಅಂಗಡಿಯವನಿಗೆ "ಕಾನೂನಿದೆ, ಕನ್ನಡದ ಬೋರ್ಡು ಹಾಕು" ಎಂದು ಗದರುವ ನಾವು, ನಮ್ಮ ಕಾರಿನ ಮೇಲಿನ ಕಾನೂನು ಮರೆತರೆ ಅವನು ಏನೆಂದಾನು? ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ!

ಗೆಳೆಯರೇ, ಈ ಭಾನುವಾರ ನಿಮ್ಮ ಬಡಾವಣೆಯ ಸಂಘದ ಕಾರುಗಳನ್ನೆಲ್ಲ ಒಂದು ಕಡೆ ನಿಲ್ಲಿಸಿ. ಬಿಸಿನೀರು, ಸೋಪು, ಬ್ಲೇಡು ತನ್ನಿ. ಪೊಲೀಸರು ಬರುವ ಮುಂಚೆ ನಾವೇ ಕೀಳೋಣ. ಆಮೇಲೆ ಮಂತ್ರಿಯ ಕಾರಿನ ಮುಂದೆ ನಿಂತು "ನಿಮ್ಮದು ಯಾವಾಗ ಸ್ವಾಮಿ?" ಎಂದು ಎದೆಯೆತ್ತಿ ಕೇಳೋಣ.

ನಾಡಿಗಾಗಿ ದುಡಿಯುವವನಿಗೆ ಮುಖ ಮುಚ್ಚಿಕೊಳ್ಳುವ ಅಗತ್ಯವಿಲ್ಲ!