ಮಗುವಿನ ತಟ್ಟೆಯ ಬಳಿ ದೆವ್ವವನ್ನು ಕೂರಿಸಿದವರಾರು?

ಅಮೆರಿಕದಲ್ಲಿ ನೆಲೆಸಿರುವ ದಕ್ಷಿಣ ಕನ್ನಡ ಮೂಲದ ಸಹೋದರಿಯೊಬ್ಬರು ಅಕ್ಟೋಬರ್ ತಿಂಗಳ ಕೊನೆಯಲ್ಲಿ ಫೋನ್ ಮಾಡಿ ಒಂದು ಪ್ರಶ್ನೆ ಕೇಳಿದರು. ಅವರ ಏಳು ವರ್ಷದ ಮಗಳ ತರಗತಿಯಲ್ಲಿ 31ರಂದು ಹ್ಯಾಲೋವೀನ್ ಕೂಟವಿದೆ. ಪ್ರತಿ ಮನೆಯಿಂದಲೂ ‘ಭಯಾನಕ’ ತಿಂಡಿಯೊಂದನ್ನು ಮಾಡಿ ತರಬೇಕಂತೆ. ಮಗಳು ಆರಿಸಿಕೊಂಡದ್ದು ಮಾಟಗಾತಿಯ ಬೆರಳು. ಹಿಟ್ಟನ್ನು ಬೆರಳಿನಂತೆ ಹೊಸೆದು, ಗೆಣ್ಣಿನ ಜಾಗದಲ್ಲಿ ಚಾಕುವಿನಿಂದ ಗೆರೆ ಎಳೆದು, ತುದಿಗೆ ಉಗುರಿನಂತೆ ಬಾದಾಮಿ ಒತ್ತಿ ಬೇಯಿಸುವ ಬಿಸ್ಕತ್ತು ಅದು. ಬುಡಕ್ಕೆ ರಕ್ತದಂತೆ ಕಾಣಲು ಕೆಂಪು ಜಾಮ್. “ಹಿಟ್ಟು, ಬೆಣ್ಣೆ, ಸಕ್ಕರೆ, ಬಾದಾಮಿ. ಇದರಲ್ಲಿ ಹರಾಮ್ ಆದುದು ಯಾವುದು? ಬೇಡವೆಂದರೆ ಮಗು ಅಳುತ್ತಾಳೆ” ಎಂದರು ಆಕೆ.

ಪ್ರಶ್ನೆ ಸಣ್ಣದಲ್ಲ. ಬೆಂಗಳೂರಿನ ವಸತಿ ಸಮುಚ್ಚಯಗಳಿಗೂ ಖಾಸಗಿ ಶಾಲೆಗಳಿಗೂ ಈ ಆಚರಣೆ ಈಗಾಗಲೇ ಕಾಲಿಟ್ಟಿರುವುದರಿಂದ ಅದು ನಮ್ಮ ಅಡುಗೆಮನೆಯ ಪ್ರಶ್ನೆಯೂ ಹೌದು.

ಹ್ಯಾಲೋವೀನ್‌ನ ಬೇರು ಐರ್ಲೆಂಡ್ ಮತ್ತಿತರ ಕೆಲ್ಟಿಕ್ ನಾಡುಗಳಲ್ಲಿದೆ. ಸುಗ್ಗಿ ಮುಗಿದು ಚಳಿಗಾಲ ಆರಂಭವಾಗುವ ಆ ರಾತ್ರಿ ಸತ್ತವರ ಆತ್ಮಗಳು ಅಲೆದಾಡುತ್ತವೆಂಬ ನಂಬಿಕೆ ಅಲ್ಲಿತ್ತು. ನವೆಂಬರ್ 1ರ ಸಂತರ ದಿನದ ಮುನ್ನಾರಾತ್ರಿಯಾಗಿ ಕ್ರೈಸ್ತ ಸಮಾಜದಲ್ಲಿಯೂ ಅದು ಉಳಿಯಿತು. 19ನೇ ಶತಮಾನದಲ್ಲಿ ವಲಸೆ ಹೋದ ಐರಿಷ್ ಜನರು ಅದನ್ನು ಅಮೆರಿಕಕ್ಕೆ ಕೊಂಡೊಯ್ದರು. ಊರಿನಲ್ಲಿ ಟರ್ನಿಪ್ ಗಡ್ಡೆಯಲ್ಲಿ ಕೆತ್ತುತ್ತಿದ್ದ ಮುಖವನ್ನು ಅಲ್ಲಿ ಕುಂಬಳಕಾಯಿಯಲ್ಲಿ ಕೆತ್ತತೊಡಗಿದರು. ಹಿಂದೆ ಇಂಗ್ಲೆಂಡಿನಲ್ಲಿ ಇದೇ ದಿನಗಳಲ್ಲಿ ಬಡವರೂ ಮಕ್ಕಳೂ ಮನೆಮನೆಗೆ ಹೋಗುತ್ತಿದ್ದರು. ಮನೆಯವರು ಅವರಿಗೆ ಪುಟ್ಟ ರೊಟ್ಟಿಗಳನ್ನು ಕೊಡುತ್ತಿದ್ದರು. ಅವರು ಆ ಮನೆಯಲ್ಲಿ ತೀರಿಹೋದವರಿಗಾಗಿ ಪ್ರಾರ್ಥಿಸುತ್ತಿದ್ದರು. ಅದು ನಮ್ಮ ನಂಬಿಕೆಯಲ್ಲ. ಆದರೂ ಆ ರೊಟ್ಟಿಯಲ್ಲಿ ಬಡವನ ಹಸಿವಿನ ನೆನಪಿತ್ತು, ಮರಣದ ನೆನಪಿತ್ತು. ಇಂದಿನ ರಕ್ತಸಿಕ್ತ ಬಿಸ್ಕತ್ತಿನಲ್ಲಿ ಅವೆರಡೂ ಇಲ್ಲ.

ಮೊದಲು ಪದಾರ್ಥದ ವಿಚಾರ. ಈ ಕೂಟಗಳಲ್ಲಿ ದೆವ್ವದ ಆಕಾರಕ್ಕೆ ಬಳಸುವ ಮಾರ್ಷ್‌ಮ್ಯಾಲೋದಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುತ್ತದೆ. ಪಾಶ್ಚಾತ್ಯ ದೇಶಗಳಲ್ಲಿ ಅದನ್ನು ಹಂದಿಯ ಚರ್ಮದಿಂದ ತೆಗೆಯುವುದು ಸಾಮಾನ್ಯ. ಹಿಟ್ಟಿನ ಪಟ್ಟಿ ಸುತ್ತಿ ‘ಮಮ್ಮಿ’ ಮಾಡುವ ಸಾಸೇಜ್‌ಗೂ ಇದೇ ಎಚ್ಚರ ಬೇಕು. ಆದರೆ ಎಲ್ಲವೂ ಹಲಾಲ್ ಆಗಿದ್ದರೆ ಪ್ರಶ್ನೆ ಮುಗಿಯಿತೇ? ಮುಗಿಯುವುದಿಲ್ಲ. ನಿಜವಾದ ಪ್ರಶ್ನೆ ಆರಂಭವಾಗುವುದೇ ಅಲ್ಲಿಂದ.

ಪವಿತ್ರ ಕುರ್‌ಆನ್‌ನ ‘ಕುರೈಶ್’ ಅಧ್ಯಾಯವನ್ನು ನಮ್ಮ ಮಕ್ಕಳು ಮದ್ರಸದಲ್ಲಿ ಬಾಯಿಪಾಠ ಮಾಡುತ್ತಾರೆ. ಕಅಬಾದ ಒಡೆಯನನ್ನು ಆರಾಧಿಸಬೇಕೆಂದು ಕುರೈಶರಿಗೆ ಹೇಳುವಾಗ ಅಲ್ಲಾಹನು ತನ್ನ ಎರಡು ಅನುಗ್ರಹಗಳನ್ನು ಅಲ್ಲಿ ಒಟ್ಟಿಗೆ ನೆನಪಿಸುತ್ತಾನೆ. ಒಂದು, ಹಸಿದಾಗ ಅನ್ನ ಕೊಟ್ಟದ್ದು. ಇನ್ನೊಂದು, ಭಯದಿಂದ ಅಭಯ ನೀಡಿದ್ದು. ಅನ್ನ ಮತ್ತು ಅಭಯ ಜೊತೆಗೂಡಿ ಬಂದಾಗಲೇ ಮನುಷ್ಯನ ಬದುಕು ಬದುಕಾಗುತ್ತದೆ. ಅನ್ನಕ್ಕೆ ಭಯದ ಆಕಾರ ಕೊಟ್ಟು ಮಗುವಿನ ಕೈಗಿಡುವುದೆಂದರೆ ಅಲ್ಲಾಹನು ಜೋಡಿಸಿದ್ದನ್ನು ನಾವು ಬಿಡಿಸಿದಂತೆ.

ಪ್ರವಾದಿವರ್ಯರು(ಸ) ಯಾವ ಆಹಾರವನ್ನೂ ಹಳಿದವರಲ್ಲ. ಇಷ್ಟವಾದರೆ ಸೇವಿಸುತ್ತಿದ್ದರು, ಇಲ್ಲವಾದರೆ ಸುಮ್ಮನೆ ಬಿಡುತ್ತಿದ್ದರು. ಕೆಳಗೆ ಬಿದ್ದ ತುತ್ತನ್ನೂ ಶುಚಿಗೊಳಿಸಿ ತಿನ್ನಬೇಕೆಂದು ಕಲಿಸಿದರು. ಒಮ್ಮೆ ನಿದ್ರಿಸುತ್ತಿದ್ದ ಸಹಾಬಿಯೊಬ್ಬರ ವಸ್ತುವನ್ನು ಸಂಗಡಿಗರು ತೆಗೆದುಕೊಂಡಾಗ ಅವರು ಬೆಚ್ಚಿಬಿದ್ದರು. ಒಬ್ಬ ಮುಸ್ಲಿಮನು ಇನ್ನೊಬ್ಬ ಮುಸ್ಲಿಮನನ್ನು ಹೆದರಿಸುವುದು ಸಮ್ಮತವಲ್ಲವೆಂದು ಪ್ರವಾದಿವರ್ಯರು(ಸ) ಆಗ ತಿಳಿಸಿದರೆಂದು ಅಬೂದಾವೂದ್ ವರದಿ ಮಾಡಿದ್ದಾರೆ. ತಮಾಷೆಗೂ ಒಂದು ಮೇರೆಯಿದೆ. ಗಾಝಾದಲ್ಲಿ ಒಂದು ಚೀಲ ಹಿಟ್ಟಿಗಾಗಿ ಸಾಲಿನಲ್ಲಿ ನಿಂತವರ ರಕ್ತ ನೆಲಕ್ಕೆ ಚೆಲ್ಲಿದ್ದನ್ನು ಕಂಡ ಕಾಲವಿದು. ಅದೇ ಹಿಟ್ಟಿನಿಂದ ಕತ್ತರಿಸಿದ ಬೆರಳನ್ನು ಮಾಡಿ ಅದಕ್ಕೆ ರಕ್ತದ ಬಣ್ಣ ಹಚ್ಚಲು ನಮ್ಮ ಕೈ ಹೇಗೆ ಬಂದೀತು?

ಆದರೆ ಆ ಸಹೋದರಿಗೆ ಉತ್ತರ ಹೇಳುವ ಮುನ್ನ ನನಗೆ ನಮ್ಮದೇ ಮನೆಗಳ ನೆನಪಾಯಿತು. ಮಗು ಊಟಕ್ಕೆ ಹಟ ಮಾಡಿದಾಗ “ಬಾಯಿ ತೆರೆ, ಇಲ್ಲವಾದರೆ ಗುಮ್ಮ ಬಂದು ಹಿಡಿದುಕೊಂಡು ಹೋಗುತ್ತದೆ” ಎಂದು ತುತ್ತು ತುರುಕುವವರು ಯಾರು? ಕತ್ತಲೆಯ ಕಿಟಕಿಯತ್ತ ಬೆರಳು ತೋರಿಸಿ “ನೋಡು, ಅಲ್ಲಿ ನಿಂತಿದೆ” ಎನ್ನುವವರು ಯಾರು? ಮೈಗೆ ಜ್ವರ ಬಂದರೆ ‘ಗಾಳಿ ಸೋಕಿದೆ’ ಎಂದು ವೈದ್ಯರಿಗಿಂತ ಮೊದಲು ಮಂತ್ರಿಸುವವರ ಬಾಗಿಲು ತಟ್ಟುವವರು ಯಾರು? ಹ್ಯಾಲೋವೀನ್ ವರ್ಷಕ್ಕೆ ಒಂದು ರಾತ್ರಿ. ನಾವಾದರೋ ಮೂರು ಹೊತ್ತೂ ಮಗುವಿನ ತಟ್ಟೆಯ ಬಳಿ ದೆವ್ವವನ್ನು ಕೂರಿಸಿದ್ದೇವೆ. ಅಮೆರಿಕದ ಮಗುವಿಗೆ ಅದು ಸುಳ್ಳೆಂದಾದರೂ ಗೊತ್ತು, ನಗುತ್ತಾ ಕಚ್ಚಿ ತಿನ್ನುತ್ತದೆ. ನಮ್ಮ ಮಗು ಅದನ್ನು ನಿಜವೆಂದು ನಂಬಿ ನಡುಗುತ್ತಾ ನುಂಗುತ್ತದೆ. ಪರರ ಹಬ್ಬವನ್ನು ಖಂಡಿಸುವ ಹಕ್ಕು ನಮಗೆ ಬರಬೇಕಾದರೆ ಮೊದಲು ಈ ಗುಮ್ಮನನ್ನು ಮನೆಯಿಂದ ಹೊರಗಟ್ಟಬೇಕು.

ಶೈತಾನನಿದ್ದಾನೆ, ಜಿನ್ನ್‌ಗಳಿದ್ದಾರೆ. ಅದು ನಮ್ಮ ವಿಶ್ವಾಸ. ಆದರೆ ಇಸ್ಲಾಮ್ ಆ ವಿಷಯವನ್ನು ಹೇಳುವಾಗಲೆಲ್ಲ ಭಯವನ್ನಲ್ಲ, ರಕ್ಷಣೆಯ ದಾರಿಯನ್ನು ಕೊಡುತ್ತದೆ. ರಮಝಾನಿನ ಝಕಾತ್ ಧಾನ್ಯವನ್ನು ಕಾಯುತ್ತಿದ್ದ ಹ. ಅಬೂಹುರೈರಾ(ರ)ರವರ ಘಟನೆಯನ್ನು ನೆನಪಿಸಿಕೊಳ್ಳಿ. ರಾತ್ರಿ ಬಂದು ಧಾನ್ಯ ಬಾಚಿಕೊಳ್ಳುತ್ತಿದ್ದ ಕಳ್ಳನನ್ನು ಅವರು ಕೈಯಾರೆ ಹಿಡಿದರು, ಅವನ ಗೋಳು ಕೇಳಿ ಎರಡು ಬಾರಿ ಬಿಟ್ಟರು. ಮೂರನೆಯ ಬಾರಿ ಸಿಕ್ಕಿಬಿದ್ದಾಗ ಅವನು, ಮಲಗುವಾಗ ಆಯತುಲ್ ಕುರ್ಸಿ ಓದಿದರೆ ಶೈತಾನನು ಹತ್ತಿರ ಸುಳಿಯಲಾರ ಎಂದು ಹೇಳಿ ಬಿಡಿಸಿಕೊಂಡ. ಅವನು ಶೈತಾನನೇ ಆಗಿದ್ದನು, ಸುಳ್ಳುಗಾರನಾದರೂ ಈ ಮಾತು ಸತ್ಯವೆಂದು ಪ್ರವಾದಿವರ್ಯರು(ಸ) ತಿಳಿಸಿದರು. ಇಲ್ಲಿ ನಡುಗಿದವನು ವಿಶ್ವಾಸಿಯಲ್ಲ, ಶೈತಾನ. ಅಲ್ಲಾಹನ ಹೆಸರು ಹೇಳದೆ ಉಣ್ಣುವ ಊಟದಲ್ಲಿ ಶೈತಾನನು ಪಾಲು ಪಡೆಯುತ್ತಾನೆಂದೂ ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಅವನಿಗೆ ನಮ್ಮ ಊಟದಲ್ಲಿ ಜಾಗ ಸಿಗುವುದು ನಾವು ಬಿಸ್ಮಿಲ್ಲಾಹ್ ಮರೆತಾಗ.

ಹಾಗಾದರೆ ಆ ಮಗುವಿಗೆ ಏನು ಹೇಳಬೇಕು? ಬರಿಯ ‘ಹರಾಮ್’ ಎಂಬ ಗದರಿಕೆಯಿಂದ ಮಗುವಿಗೆ ಧರ್ಮವೇ ಗುಮ್ಮನಾಗುತ್ತದೆ. ಪ್ರವಾದಿವರ್ಯರು(ಸ) ಮದೀನಾಕ್ಕೆ ಬಂದಾಗ ಅಲ್ಲಿನವರಿಗೆ ಆಟವಾಡುವ ಎರಡು ದಿನಗಳಿದ್ದವು. ಅವರು ಸಂತೋಷವನ್ನು ಕಿತ್ತುಕೊಳ್ಳಲಿಲ್ಲ. ಅವುಗಳಿಗಿಂತ ಉತ್ತಮವಾದ ಎರಡು ಈದ್‌ಗಳನ್ನು ಅಲ್ಲಾಹನು ಕೊಟ್ಟಿದ್ದಾನೆಂದರು. ಅದೇ ನಮಗೆ ಮಾದರಿ. ಅನ್ಯರ ಧಾರ್ಮಿಕ ನಂಬಿಕೆಯಲ್ಲಿ ಬೇರೂರಿದ ಆಚರಣೆಯಲ್ಲಿ ನಾವು ಪಾಲುಗೊಳ್ಳುವುದಿಲ್ಲವೆಂದು ಶಿಕ್ಷಕಿಗೆ ವಿನಯದಿಂದ ತಿಳಿಸಬಹುದು. ಅಂದು ಮಗಳೊಂದಿಗೆ ಅಡುಗೆಮನೆಯಲ್ಲಿ ಕುಳಿತು ಅದೇ ಹಿಟ್ಟಿನಿಂದ ಚಂದ್ರನನ್ನೂ ನಕ್ಷತ್ರಗಳನ್ನೂ ಕತ್ತರಿಸಿ ಬೇಯಿಸಬಹುದು. ಈದ್‌ಗೆ ತರಗತಿಯ ಎಲ್ಲ ಮಕ್ಕಳಿಗೂ ಹಂಚಬಹುದು. ಆ ರಾತ್ರಿ ವೇಷ ತೊಟ್ಟ ನೆರೆಮನೆಯ ಮಗು ಬಾಗಿಲು ತಟ್ಟಿದರೆ ಮುಖ ಸಿಂಡರಿಸುವುದೂ ಬೇಡ. ನೆರೆಯವನ ಹಕ್ಕಿಗೆ ರಜೆಯಿಲ್ಲ.

ಆ ಸಹೋದರಿಗೆ ಇಷ್ಟನ್ನೇ ಹೇಳಿದೆ. ಒಂದು ಮಾತನ್ನು ಮಾತ್ರ ಸೇರಿಸಿದೆ: ರಾತ್ರಿ ದೀಪ ಆರಿಸುವಾಗ ಮಗಳ ಪಕ್ಕದಲ್ಲಿ ಕುಳಿತು ಆಯತುಲ್ ಕುರ್ಸಿ ಓದಿ. ಕತ್ತಲೆಯ ಆಚೆ ಯಾರಿದ್ದಾರೆಂದು ಅವಳು ಕೇಳಿದರೆ, ತೂಕಡಿಕೆಯೂ ನಿದ್ದೆಯೂ ಇಲ್ಲದ ಒಬ್ಬನು ನಮ್ಮನ್ನು ಕಾಯುತ್ತಿದ್ದಾನೆಂದು ಹೇಳಿ.

ಅಲ್ಲಾಹನು ನಮ್ಮ ಮಕ್ಕಳ ತಟ್ಟೆಯಲ್ಲಿ ಅನ್ನವನ್ನೂ ಎದೆಯಲ್ಲಿ ಅಭಯವನ್ನೂ ಅನುಗ್ರಹಿಸಲಿ. ಆಮೀನ್.